ಮಿಂಚಕ್ಕ ಕೈ ಎತ್ತಿದ್ದು

ಕೋರ್ಟಿನ ಬೆರಳಚ್ಚು ಕೋಣೆಯಲ್ಲಿ ಅವಳಿಗೆ ಮಿಂಚಕ್ಕ ಎಂದು ಹೆಸರಿಟ್ಟವರು ಯಾರು ಎನ್ನುವುದು ಈಗ ಯಾರಿಗೂ ನೆನಪಿಲ್ಲ. ಇಟ್ಟವರೇನೂ ಸುಮ್ಮನೆ ಇಟ್ಟಿರಲಿಲ್ಲ. ಕಟಕಟೆಯಲ್ಲಿ ನಿಂತ ಸಾಕ್ಷಿ ಬಾಯಿ ಮುಚ್ಚುವುದಕ್ಕೂ ಅವಳ ಕೀಲಿಮಣೆ ಸುಮ್ಮನಾಗುವುದಕ್ಕೂ ಸರಿಹೋಗುತ್ತಿತ್ತು. ವಕೀಲರಿಬ್ಬರು ಜಗಳಕ್ಕೆ ನಿಂತು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದರೂ ಅವಳು ಇಬ್ಬರನ್ನೂ ಬಿಡಿಸಿ, ಬೇರೆ ಬೇರೆ ಸಾಲಿನಲ್ಲಿ ಕೂರಿಸಿಬಿಡುತ್ತಿದ್ದಳು. ನ್ಯಾಯಾಧೀಶರ ಪೀಠದ ಕೆಳಗೆ, ಕಟಕಟೆಯ ಪಕ್ಕದಲ್ಲೇ ಅವಳ ಮೇಜು. ಬಂದವರು ಕರಿಕೋಟು ನೋಡುತ್ತಿದ್ದರು, ಪೀಠ ನೋಡುತ್ತಿದ್ದರು, ಗೋಡೆಯ ಗಡಿಯಾರ ನೋಡುತ್ತಿದ್ದರು. ಅವಳನ್ನು ನೋಡಿದವರು ಕಡಿಮೆ. ಅದರ ಬಗ್ಗೆ ಅವಳಿಗೆ ದೂರೂ ಇರಲಿಲ್ಲ. ಎಲ್ಲರ ಮಾತೂ ತನ್ನ ಬೆರಳ ತುದಿಯಿಂದಲೇ ದಾಟಿ ಹೋಗಬೇಕು ಎನ್ನುವ ಜಂಬ ಒಳಗೊಳಗೇ ಇತ್ತು, ಅಷ್ಟು ಸಾಕಾಗಿತ್ತು.

ನೋವು ಮೊದಲು ಬಂದು ಕೂತದ್ದು ಬಲಗೈ ಹೆಬ್ಬೆರಳಿನ ಬುಡದಲ್ಲಿ. ಹೇಳದೆ ಕೇಳದೆ ಬಂದ ನೆಂಟರ ಹಾಗೆ ನಾಲ್ಕು ದಿನ ಇದ್ದು ಹೋಗುತ್ತದೆ ಎಂದುಕೊಂಡಳು. ಎಲ್ಲಿಯ ಮಾತು! ಅದು ಮಣಿಕಟ್ಟಿಗೆ ಬಂತು, ಮೊಣಕೈವರೆಗೂ ಹತ್ತಿತು. ಬೆಳಿಗ್ಗೆ ಎದ್ದರೆ ಬೆರಳುಗಳಿಗೆ ಜೋಮು. ಕೈಯನ್ನು ಕೊಡವಿ ಕೊಡವಿ ಎಬ್ಬಿಸಬೇಕು. ಬಾಟಲಿಯ ಮುಚ್ಚಳ ತೆಗೆಯುವುದನ್ನು ಮಗಳಿಗೆ ಕೊಟ್ಟಳು. ಒದ್ದೆ ಬಟ್ಟೆ ಹಿಂಡುವುದನ್ನು ಗಂಡನಿಗೆ ಬಿಟ್ಟಳು. ಬೀಗ ತೆಗೆಯುವುದನ್ನು ಎಡಗೈಗೆ ಕಲಿಸಿದಳು. ಕೋರ್ಟಿನ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.

ಗಂಡ ಬಸ್ ಡ್ರೈವರು. ಮಾತು ಕಡಿಮೆ, ಆಡಿದರೆ ಅದರಲ್ಲಿ ಬಸ್ಸು ಬರಲೇಬೇಕು. ಒಂದು ಬೆಳಿಗ್ಗೆ ಅವಳು ಜಡೆ ಹೆಣೆದುಕೊಳ್ಳಲಾರದೆ ಹಲ್ಲು ಕಚ್ಚಿಕೊಂಡು ನಿಂತದ್ದನ್ನು ನೋಡಿ, ಬಾಚಣಿಗೆ ಇಸಿದುಕೊಂಡು ತಾನೇ ಹೆಣೆದ. ಜಡೆ ಹಗ್ಗದ ಹಾಗೆ ಬಂತು.

"ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಂದ್ರೆ ನಾನು ಬಸ್ಸನ್ನ ಪಕ್ಕಕ್ಕೆ ಹಾಕ್ತೀನಿ ಕಣೇ," ಅಂದ. "ಒಳಗಿರೋರು ಬೈತಾರೆ. ಬೈಲಿ ಬಿಡು. ಬ್ರೇಕ್ ಇಲ್ದೆ ಓಡಿಸಿದ್ರೆ ಬೈಯೋಕೂ ಯಾರೂ ಉಳಿಯಲ್ಲ."

"ಕೋರ್ಟು ನಿಮ್ಮ ಬಸ್ಸಲ್ಲ," ಅಂದಳು ಅವಳು, ಕನ್ನಡಿಯಲ್ಲೇ ಮೂಗು ಮುರಿಯುತ್ತ. "ಪಕ್ಕಕ್ಕೆ ಹಾಕಿದ್ರೆ ನನ್ನನ್ನೇ ಪಕ್ಕಕ್ಕೆ ಹಾಕ್ತಾರೆ."

ಸುಳ್ಳಲ್ಲ. ಬೆರಳಚ್ಚು ಕೋಣೆಯಲ್ಲಿ ಒಂದು ಕಟ್ಟಳೆ ಬೆಳೆದುಬಿಟ್ಟಿತ್ತು. ಅಲ್ಲಿದ್ದವರೆಲ್ಲರ ಕೈಯದೂ ಹೆಚ್ಚು ಕಡಿಮೆ ಇದೇ ಪಾಡು, ಎಲ್ಲರ ಚೀಲದಲ್ಲೂ ಒಂದೊಂದು ಮಣಿಕಟ್ಟಿನ ಪಟ್ಟಿ. ಆ ಗಟ್ಟಿ ಪಟ್ಟಿಯನ್ನು ಬಸ್ಸಿನಲ್ಲಿ ಕಟ್ಟಿಕೊಂಡು ಬರುವರು, ಕೋರ್ಟಿನ ಗೇಟಿನ ಹತ್ತಿರ ಬಿಚ್ಚಿ ಚೀಲಕ್ಕೆ ಹಾಕುವರು. ಯಾಕೆಂದರೆ ದೊಡ್ಡಕ್ಕ ಎಂದು ಕರೆಸಿಕೊಳ್ಳುತ್ತಿದ್ದ ಹಿರಿಯ ಬೆರಳಚ್ಚುಗಾರ್ತಿ ಒಮ್ಮೆ ಪಟ್ಟಿ ಕಟ್ಟಿಕೊಂಡೇ ಒಳಗೆ ಬಂದಿದ್ದಳು. ಹೆಡ್ ಕ್ಲರ್ಕು "ಅಯ್ಯೋ ಪಾಪ" ಎಂದವರೇ ಅವಳನ್ನು ನೆಲಮಾಳಿಗೆಯ ಕಡತದ ಕೋಣೆಗೆ ಕಳಿಸಿದರು. ಅಲ್ಲಿ ಅವಳಿಗೆ ಕೊಟ್ಟ ಕೆಲಸ ಏನು ಗೊತ್ತೇ? ಕಡತಗಳಿಗೆ ಹಗ್ಗ ಸುತ್ತಿ ಬಿಗಿಯಾಗಿ ಗಂಟು ಹಾಕುವುದು. ನೊಂದ ಕೈಗೆ ಇಂಥ ಉಪಕಾರ ಮಾಡಲು ಹೆಡ್ ಕ್ಲರ್ಕಿನಂಥ ತಲೆಯೇ ಬೇಕು.

ಹೀಗಾಗಿ ಕೋಣೆ ತುಂಬ ಮುಲಾಮಿನ ಘಾಟು, ಬಾಯಿಗೆಲ್ಲ ಬೀಗ. ಹೆಡ್ ಕ್ಲರ್ಕು ಬಾಗಿಲಲ್ಲಿ ಮೂಗರಳಿಸಿ "ಯಾರಿಗ್ರೀ ಶೀತ?" ಎಂದರೆ ಮಿಂಚಕ್ಕನೇ ಮೊದಲು "ಆಕ್ಷೀ" ಎನ್ನುತ್ತಿದ್ದಳು. ಉಳಿದವರೂ ದನಿಗೂಡಿಸುತ್ತಿದ್ದರು. ಅಷ್ಟು ಸೀನು ಒಟ್ಟಿಗೆ ಕೇಳಿಯೂ ಅವರಿಗೆ ಅನುಮಾನ ಬರಲಿಲ್ಲ ಎಂದರೆ, ಬರಬಾರದು ಎಂದು ಅವರೇ ತೀರ್ಮಾನಿಸಿದ್ದರು ಎಂದೇ ಅರ್ಥ.

ಇನ್ನೊಂದು ಗುಟ್ಟೂ ಇತ್ತು. ಅದಕ್ಕೆ ಅವರು ಬಾಲ ಕತ್ತರಿಸುವುದು ಎನ್ನುತ್ತಿದ್ದರು. ಸಾಕ್ಷಿ ಹೇಳುವವರು ನೇರವಾಗಿ ಹೇಳುವುದುಂಟೇ? "ಅದೇ ಸಾರ್, ಏನಾಯ್ತಂದ್ರೆ, ನಾನು ಆವಾಗ" ಎಂದು ಪ್ರತಿ ಮಾತಿಗೂ ಉದ್ದನೆಯ ಬಾಲ. ಆ ಬಾಲವನ್ನು ಟೈಪ್ ಮಾಡದೆ ಬಿಟ್ಟರೆ ಕೈಗೆ ಅಷ್ಟು ಉಸಿರು. ನಿಯಮದ ಪ್ರಕಾರ ಬಿಡುವಂತಿಲ್ಲ, ಆದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಮಿಂಚಕ್ಕ ಮೊದಮೊದಲು "ಏನಂದ್ರೆ"ಗಳನ್ನಷ್ಟೇ ಕತ್ತರಿಸುತ್ತಿದ್ದಳು. ನೋವು ಹೆಚ್ಚಿದ ಹಾಗೆ ಕತ್ತರಿಯೂ ಉದ್ದವಾಯಿತು.

ಗಂಡನ ಕಾಟ ತಡೆಯಲಾರದೆ ಕೊನೆಗೆ ಫಿಸಿಯೋಥೆರಪಿಗೆ ಹೋದಳು. ಆ ಡಾಕ್ಟರಮ್ಮ ಎದುರಿಗಿದ್ದವರ ಮರ್ಯಾದೆ ನೋಡುವವಳಲ್ಲ. ಮಣಿಕಟ್ಟನ್ನು ಹಿಂದಕ್ಕೆ ಮುಂದಕ್ಕೆ ಬಗ್ಗಿಸಿ, ಹೆಬ್ಬೆರಳನ್ನು ಒತ್ತಿ, ಮಿಂಚಕ್ಕ "ಅಮ್ಮಾ" ಎಂದ ಕಡೆಯೇ ಇನ್ನೊಮ್ಮೆ ಒತ್ತಿದಳು.

"ಕೀಲಿಮಣೆ ಎತ್ತರ ಜಾಸ್ತಿ ಆಗಿರ್ಬೇಕು, ಭುಜ ಎತ್ಕೊಂಡು ಕೂತ್ಕೋತೀರಾ. ಕೆಳಗಿಳಿಸಿ. ಮೌಸ್ ಸ್ವಲ್ಪ ದಿನ ಎಡಗೈಗೆ ಕೊಡಿ. ಮುಖ್ಯವಾದ್ದು, ಮಧ್ಯೆ ಮಧ್ಯೆ ನಿಲ್ಲಿಸಿ. ನೋವು ಬಂದ ಮೇಲಲ್ಲ, ಬರೋ ಮುಂಚೆ."

"ಕೋರ್ಟಲ್ಲಿ ಜಡ್ಜಿಗೆ ನಿಲ್ಲಿಸಿ ಅನ್ನೋಕಾಗುತ್ತಾ ಡಾಕ್ಟ್ರೇ?"

"ಯಾಕಾಗಲ್ಲ? ಕೈ ನೋಡಿ ಆಯ್ತು, ಇನ್ನು ಬಾಯಿ ತೋರಿಸಿ ನೋಡೋಣ. ಅದಕ್ಕೇನಾಗಿದೆ?"

ಮಿಂಚಕ್ಕನಿಗೆ ಮೈಯೆಲ್ಲ ಉರಿಯಿತು. ಮನೆಗೆ ಬರುವವರೆಗೂ ಅವಳನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಳು. ಹೇಳಿಕೊಟ್ಟ ವ್ಯಾಯಾಮಗಳನ್ನು ಮಾತ್ರ ಬಿಡದೆ ಮಾಡಿದಳು, ಮನೆಯಲ್ಲಿ, ಬಾಗಿಲು ಹಾಕಿಕೊಂಡು.

ಆ ಹೊತ್ತಿಗೆ ಲಿಫ್ಟಿನ ಮೊಕದ್ದಮೆ ಬಂತು. ಒಂದು ವಸತಿ ಕಟ್ಟಡದ ಲಿಫ್ಟು ಜಾರಿ ಬಿದ್ದು ಒಳಗಿದ್ದ ಮುದುಕರೊಬ್ಬರ ಸೊಂಟ ಮುರಿದಿತ್ತು. ಅದೇ ಬೆಳಿಗ್ಗೆ ಲಿಫ್ಟ್ ಮೆಕ್ಯಾನಿಕ್ ಬಂದು ನೋಡಿದ್ದ. ಕೆಟ್ಟಿದೆ ಎಂದು ಗೊತ್ತಿದ್ದೂ ಯಾರಿಗೂ ಎಚ್ಚರಿಕೆ ಹೇಳದೆ ಹೊರಟುಹೋದ ಎಂಬುದು ಅವನ ಮೇಲಿನ ಆರೋಪ. ಸಾಬೀತಾದರೆ ಜೈಲು. ಮೆಕ್ಯಾನಿಕ್ ದಪ್ಪ ಕೈಗಳನ್ನು ಮುಂದೆ ಕಟ್ಟಿಕೊಂಡು ನಿಂತಿರುತ್ತಿದ್ದ. ಉಗುರಿನ ಸಂದಿಯ ಗ್ರೀಸು ಎಷ್ಟು ತೊಳೆದರೂ ಹೋಗಿರಲಿಲ್ಲ.

ಸಾಕ್ಷಿ, ಆ ಕಟ್ಟಡದ ವಾಚ್‌ಮನ್. ಅವನ ಸರದಿ ಬಂದಾಗ ಸಂಜೆಯಾಗಿತ್ತು. ಕೋರ್ಟಿನಲ್ಲಿ ಅರ್ಧ ಜನ ಆಕಳಿಸುತ್ತಿದ್ದರು, ನ್ಯಾಯಾಧೀಶರು ಕೇಳುತ್ತಲೇ ಮುಂದಿನ ಕಡತ ತಿರುವುತ್ತಿದ್ದರು. ಬೆಳಗಿನಿಂದ ಒಂದೇ ಸಮ ಟೈಪ್ ಮಾಡಿ ಮಿಂಚಕ್ಕನ ಮಣಿಕಟ್ಟು ಕಾದ ಸೌಟು ಹಿಡಿದ ಹಾಗೆ ಸುಡುತ್ತಿತ್ತು. ವಾಚ್‌ಮನ್ನಿನ ಮಾತಿಗೋ ಬರೀ ಬಾಲ.

"ಮೆಕ್ಯಾನಿಕ್ ಬಂದ್ರು ಸಾರ್, ಲಿಫ್ಟ್ ನೋಡಿದ್ರು, ನಾನೇ ಟಾರ್ಚ್ ಹಿಡ್ಕೊಂಡಿದ್ದೆ, ಸೆಲ್ ಬೇರೆ ವೀಕಾಗಿತ್ತು, ಒಂದ್ಸಲ ತಟ್ಟಿದ್ರೆ ಹತ್ಕೊಳ್ಳೋದು, ಇನ್ನೊಂದ್ಸಲ ತಟ್ಟಿದ್ರೆ ಆರೋದು..."

ಇಲ್ಲಿ ಮಿಂಚಕ್ಕ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಟಾರ್ಚಿನ ಪುರಾಣ ಯಾರಿಗೆ ಬೇಕು? ವಾಚ್‌ಮನ್ ಹೇಳುತ್ತ ಹೋದ: "ಆಮೇಲೆ ಹೊರಟ್ರು. ಹೋಗ್ತಾ ಹೋಗ್ತಾ, ಸಾಮಾನು ತರ್ತೀನಿ, ಅಲ್ಲಿವರೆಗೂ ಯಾರನ್ನೂ ಹತ್ತಿಸಬೇಡಪ್ಪಾ ಅಂದ್ರು. ನಾನು ಹೂಂ ಅಂದೆ. ಲಿಫ್ಟಿಗೆ ಅಡ್ಡ ಹಗ್ಗ ಕಟ್ಬೇಕು ಅಂದ್ಕೊಂಡೆ, ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು ಸಾರ್, ಆ ಕಡೆ ಓಡಿದೆ." ಟ್ಯಾಂಕರಿನ ಹೊತ್ತಿಗೆ ಅವಳ ಕೈ ಮತ್ತೆ ಕೀಲಿಮಣೆಗೆ ಬಂದು, ಹೊರಟದ್ದನ್ನು ಒಂದೇ ಪದದಲ್ಲಿ ಮುಗಿಸಿತು. ಪರದೆಯ ಮೇಲೆ ಉಳಿದದ್ದು ಇಷ್ಟೇ: ಮೆಕ್ಯಾನಿಕ್ ಬಂದರು. ಲಿಫ್ಟ್ ನೋಡಿದರು. ಹೋದರು. ನಂತರ ನೀರಿನ ಟ್ಯಾಂಕರ್ ಬಂತು.

ಮರುದಿನ ಸಹಿ ಹಾಕಿಸುವ ಮುಂಚೆ ಆ ಹೇಳಿಕೆಯನ್ನು ಗಟ್ಟಿಯಾಗಿ ಓದಿದವಳೂ ಅವಳೇ. ವಾಚ್‌ಮನ್ ತಲೆ ಬಾಗಿಸಿ ಕೇಳುತ್ತಿದ್ದವನು ಟ್ಯಾಂಕರಿನ ಹತ್ತಿರ ತಲೆ ಎತ್ತಿದ.

"ಅಕ್ಕಾ, ಯಾರನ್ನೂ ಹತ್ತಿಸಬೇಡ ಅಂದಿದ್ದು ಬಿಟ್ಟುಹೋಯ್ತು."

ಸರ್ಕಾರಿ ವಕೀಲರು ಸ್ಪ್ರಿಂಗಿನ ಹಾಗೆ ಎದ್ದರು. "ನಿನ್ನೆ ಇಲ್ಲದ ಮಾತು ಇವತ್ತು ಹುಟ್ಟಿದೆ ಸಾರ್! ಯಾರೋ ಚೆನ್ನಾಗಿ ಹೇಳಿಕೊಟ್ಟಿದಾರೆ." ಮೆಕ್ಯಾನಿಕ್ಕಿನ ವಕೀಲರು ನಿನ್ನೆಯೇ ಹೇಳಿದ್ದ ಎಂದರು. ಸರ್ಕಾರಿ ವಕೀಲರು ಇಲ್ಲ ಎಂದರು. ನ್ಯಾಯಾಧೀಶರು ಕನ್ನಡಕವನ್ನು ಹಣೆಗೇರಿಸಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಎನ್ನುವ ಹಾಗೆ, ಕೆಳಗಿನ ಮೇಜನ್ನು ನೋಡಿದರು.

"ಏನಮ್ಮಾ, ಹೇಳಿದ್ರಾ ಇವರು?"

ಇಲ್ಲ ಎಂದರೆ ಮುಗಿಯಿತು. ಕುರ್ಚಿ ಉಳಿಯುತ್ತದೆ, ಹೆಸರು ಉಳಿಯುತ್ತದೆ. ಹೌದು ಎಂದರೆ ನೆಲಮಾಳಿಗೆ, ಹಗ್ಗ, ಗಂಟು. ಮೆಕ್ಯಾನಿಕ್ ಅವಳ ಮುಖ ನೋಡುತ್ತಿರಲಿಲ್ಲ. ಕೀಲಿಮಣೆಯ ಮೇಲಿದ್ದ ಅವಳ ಕೈಯನ್ನೇ ನೋಡುತ್ತಿದ್ದ. ತನ್ನ ಜೀವ ಈ ಕೈಯಲ್ಲಿದೆ ಎಂದು ಅವನಿಗೆ ಗೊತ್ತಾಗಿಹೋಗಿತ್ತು. ಅವಳಿಗೆ ಮೊದಲು ನಾಚಿಕೆಯಾಯಿತು, ಬೆನ್ನಿಗೇ ಕೋಪ ಬಂತು. ಯಾರ ಮೇಲೆ ಎಂದು ಆ ಕ್ಷಣ ಅವಳಿಗೂ ತಿಳಿಯಲಿಲ್ಲ.

"ಹೇಳಿದ್ರು ಸಾರ್. ನಾನೇ ಟೈಪ್ ಮಾಡಲಿಲ್ಲ."

"ಯಾಕೆ?"

"ಕೈ ನೋಯ್ತಿತ್ತು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ನೋವಿದ್ರೆ ಹೇಳ್ಬೇಕಲ್ವೇನಮ್ಮಾ?"

"ಹೇಳಿದವರ ಕುರ್ಚಿ ಹೋಗುತ್ತೆ ಸಾರ್ ಇಲ್ಲಿ."

ಈಗ ಯಾರೂ ನಗಲಿಲ್ಲ. ನ್ಯಾಯಾಧೀಶರ ಮುಖ ಗಂಟಾಯಿತು. ವಾಚ್‌ಮನ್ನಿನ ಸಾಕ್ಷ್ಯವನ್ನು ಮೊದಲಿನಿಂದ ಮತ್ತೆ ತೆಗೆದುಕೊಳ್ಳಬೇಕು ಎಂದರು. "ಇಲ್ಲಿ ಆಡಿದ ಮಾತೆಲ್ಲ ದಾಖಲೆಗೆ ಬರಬೇಕು. ಒಂದಕ್ಷರ ಬಿಡಕೂಡದು," ಎಂದು ಮೇಜು ಕುಟ್ಟಿ ಹೇಳಿ ಮುಂದಿನ ದಿನಾಂಕ ಕೊಟ್ಟರು.

ಹೆಡ್ ಕ್ಲರ್ಕು ಮೊಗಸಾಲೆಯಲ್ಲೇ ಕಾಯುತ್ತಿದ್ದರು. "ಮಾನ ಕಳೆದ್ರಲ್ರೀ! ವರ್ಗಾವಣೆ ಕಾಗದ ಬರೆದಿಡ್ತೀನಿ, ಸಾಹೇಬ್ರ ಸಹಿ ಆದ ತಕ್ಷಣ ಕಡತದ ಕೋಣೆಗೆ ನಡೀರಿ."

"ಹೋಗಲ್ಲ," ಅಂದಳು ಮಿಂಚಕ್ಕ.

"ಏನಂದ್ರಿ?"

"ಹೋಗಲ್ಲ ಅಂದೆ. ಹೇಳದೆ ಕತ್ತರಿಸಿದ್ದು ನನ್ನ ತಪ್ಪು. ಅದಕ್ಕೆ ಏನು ಶಿಕ್ಷೆ ಬೇಕಾದ್ರೂ ಬರೀರಿ, ತಲೆ ಬಗ್ಗಿಸಿ ತಗೋತೀನಿ. ಕೈ ನೋಯೋದು ತಪ್ಪಲ್ಲ ಸಾರ್. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಬೇಡಿ."

"ನಿಮ್ಮ ಜಾಗಕ್ಕೆ ಬೇರೆಯವರನ್ನ ಕೂರಿಸ್ತೀನಿ!"

"ಕೂರಿಸಿ. ಅವರ ಚೀಲ ಒಂದ್ಸಲ ತೆಗೆದು ನೋಡಿ ಕೂರಿಸಿ."

ಬೆರಳಚ್ಚು ಕೋಣೆಗೆ ಬಂದರೆ ಅಲ್ಲಿ ಇನ್ನೊಂದು ಕೋರ್ಟು. ಯಾರೂ ಮುಖ ಕೊಡಲಿಲ್ಲ. ಕನ್ನಡಕ ಎಂದು ಎಲ್ಲರೂ ಕರೆಯುವ, ಎಲ್ಲರಿಗಿಂತ ಕಿರಿಯಳಾದ ಬೆರಳಚ್ಚುಗಾರ್ತಿ ತಡೆಯಲಾರದೆ ಅಂದಳು: "ಎಲ್ಲರ ಹೊಟ್ಟೆ ಮೇಲೂ ಹೊಡೆದುಬಿಟ್ರಲ್ಲಕ್ಕಾ. ಇನ್ನು ನಮ್ಮ ಚೀಲಾನೂ ಜಾಲಾಡ್ತಾರೆ."

ಹೆಡ್ ಕ್ಲರ್ಕಿನ ಮುಂದೆ ಚೀಲದ ಮಾತು ತೆಗೆದದ್ದು ಮಿಂಚಕ್ಕನಿಗೆ ಚುಚ್ಚಿತು. ಆದರೂ ಬಗ್ಗಲಿಲ್ಲ. "ಯಾರ ಹೆಸರೂ ನಾನು ಹೇಳಿಲ್ಲ, ಹೇಳೋದೂ ಇಲ್ಲ," ಅಂದಳು. "ಆದ್ರೆ ಇನ್ಮೇಲೆ ಈ ಮುಲಾಮಿನ ವಾಸನೆಗೆ ನಾನು ಸೀನಲ್ಲ. ನಿಮಗೆ ಬೇಕಿದ್ರೆ ನೀವು ಸೀನ್ಕೊಳ್ಳಿ." ಹಾಗೆಂದು ಚೀಲದಿಂದ ಪಟ್ಟಿ ತೆಗೆದು, ಎಲ್ಲರೆದುರಿಗೇ ಪರ್ರೆಂದು ಎಳೆದು ಬಿಗಿದುಕೊಂಡಳು.

ಮರುದಿನ ಬೆಳಿಗ್ಗೆ ಕೋರ್ಟು ಶುರುವಾಗುವ ಮುಂಚೆ ಖಾಕಿ ಅಂಗಿಯಲ್ಲೇ ಬಂದ ಅವಳ ಗಂಡ, ಅವಳ ಮೇಜಿನ ಕೆಳಗೆ ನುಸುಳಿ, ಕೀಲಿಮಣೆ ಇಡಲು ಒಂದು ಹಲಗೆಯನ್ನು ತಗ್ಗಿಸಿ ಕೂರಿಸಿದ. ಮೌಸು ಎಡಕ್ಕೆ ಹೋಯಿತು. ಹೆಡ್ ಕ್ಲರ್ಕು ಓಡಿ ಬಂದು "ಇದು ಸರ್ಕಾರಿ ಮೇಜು!" ಎಂದು ಕೂಗಿದರು. "ಕೈ ನಮ್ಮ ಮನೆಯವರದು ಸಾರ್," ಎಂದ ಗಂಡ, ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸದೆ.

ವಾಚ್‌ಮನ್ನಿನ ದಿನ ಬರುವವರೆಗೂ ಮಿಂಚಕ್ಕ ಆ ಕುರ್ಚಿಯಲ್ಲೇ ಕೂತಳು. ವರ್ಗಾವಣೆಯ ಕಾಗದ ನ್ಯಾಯಾಧೀಶರ ಮೇಜಿನ ಮೇಲಿದೆ, ಆ ಸಾಕ್ಷ್ಯ ಮುಗಿದ ಮೇಲೆ ಸಹಿ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಎಡಗೈಯ ಮೌಸು ಕುಡಿದವನ ಹಾಗೆ ಪರದೆಯೆಲ್ಲ ಅಲೆದಾಡುತ್ತಿತ್ತು. ಅವಳ ವೇಗ ಇಳಿದಿತ್ತು. ಮಿಂಚು ಹೋಗಿ ಲಾಟೀನಾಯಿತು ಎಂದು ಯಾರೋ ಗುಮಾಸ್ತರು ಗೇಲಿ ಮಾಡಿದರು. ಅವಳಿಗೆ ಅದು ನೋವಿಗಿಂತ ಹೆಚ್ಚು ನಾಟಿತು, ಒಬ್ಬಳೇ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡಳು. ಆದರೆ ಒಂದು ಬಾಲವನ್ನೂ ಕತ್ತರಿಸಲಿಲ್ಲ.

ಆ ದಿನ ವಾಚ್‌ಮನ್ ಮತ್ತೆ ಕಟಕಟೆಗೆ ಹತ್ತಿದ. ಈ ಸಲ ಒಂದಕ್ಷರವೂ ಬಿಡಬಾರದು ಎಂದು ಅವನಿಗೂ ಯಾರೋ ಹೇಳಿದ್ದಿರಬೇಕು, ಮಾತು ಮೊದಲಿಗಿಂತ ಉದ್ದವಾಗಿತ್ತು. ಕಟ್ಟಡದ ನಾಯಿ ಬಂತು, ಪೇಪರಿನವನು ಬಂದ, ಮೆಕ್ಯಾನಿಕ್ಕಿನ ಸ್ಕೂಟರು ನಿಲ್ಲಿಸಿದ ಜಾಗ ಬಂತು. ಮಿಂಚಕ್ಕ ಎಲ್ಲವನ್ನೂ ಹಿಡಿದಳು. ಟಾರ್ಚಿನ ಹತ್ತಿರ ಬರುವಾಗ ಹೆಬ್ಬೆರಳಿನ ಬುಡದಲ್ಲಿ ಆ ಹಳೆಯ ಉರಿ ಏಳತೊಡಗಿತು. ಬರುವ ಮುಂಚೆ ನಿಲ್ಲಿಸಿ ಎಂದಿದ್ದಳಲ್ಲ ಆ ಡಾಕ್ಟರಮ್ಮ.

"ಆಮೇಲೆ ಹೊರಟ್ರು ಸಾರ್. ಹೋಗ್ತಾ ಹೋಗ್ತಾ..."

ಮಿಂಚಕ್ಕ ಪಟ್ಟಿ ಕಟ್ಟಿದ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿದಳು.

"ನಿಲ್ಲಿಸಿ ಸಾರ್. ಕೈ ನೋಯ್ತಿದೆ. ಸ್ವಲ್ಪ ಬಿಡುವು ಬೇಕು."

ವಾಚ್‌ಮನ್ ಬಾಯಿ ತೆರೆದವನು ಹಾಗೆಯೇ ನಿಂತ. ಸರ್ಕಾರಿ ವಕೀಲರು ಕೆಂಡವಾದರು. "ಸರಿಯಾಗಿ ಈ ಜಾಗದಲ್ಲೇ ನಿಲ್ಲಿಸಿದ್ರೆ ಹೇಗೆ ಸಾರ್? ಹೊರಗೆ ಹೋಗಿ ಸಾಕ್ಷಿಗೆ ಪಾಠ ಹೇಳ್ಕೊಡ್ತಾರೆ!"

"ಯಾರೂ ಹೊರಗೆ ಹೋಗೋದು ಬೇಡ ಸಾರ್," ಅಂದಳು ಮಿಂಚಕ್ಕ. "ಎಲ್ಲರೂ ಇಲ್ಲೇ ಕೂತಿರಲಿ. ಕೈಗೆ ಬೇಕಾಗಿರೋದು ಬಿಡುವು, ಕಾಫಿಯಲ್ಲ."

ನ್ಯಾಯಾಧೀಶರು ಗಡಿಯಾರ ನೋಡಿದರು, ವಕೀಲರನ್ನು ನೋಡಿದರು, ಎತ್ತಿದ ಕೈಯನ್ನು ನೋಡಿದರು. "ಕೂತ್ಕೊಳ್ಳಿ ಎಲ್ಲರೂ," ಎಂದರು. ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

ಹೀಗೆ ಆ ಕೋರ್ಟು ತುಟಿ ಪಿಟಿಕ್ಕೆನ್ನದೆ ಕೂತು, ಬೆರಳಚ್ಚುಗಾರ್ತಿಯೊಬ್ಬಳು ಪಟ್ಟಿ ಬಿಚ್ಚಿ, ಮುಷ್ಟಿ ಕಟ್ಟಿ ಬಿಚ್ಚಿ, ಅಂಗೈಯನ್ನು ಹಿಂದಕ್ಕೆ ಬಗ್ಗಿಸಿ ಮುಂದಕ್ಕೆ ಬಗ್ಗಿಸಿ, ಭುಜ ತಿರುಗಿಸುವುದನ್ನು ನೋಡಿತು. ಇಷ್ಟು ದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾಡುತ್ತಿದ್ದುದನ್ನು ಅವಳು ಒಂದನ್ನೂ ಬಿಡದೆ, ಅವಸರ ಮಾಡದೆ ಮಾಡಿದಳು. ಕಿವಿ ಬಿಸಿಯಾಗಿತ್ತು, ನಿಜ. ತಲೆ ಮಾತ್ರ ತಗ್ಗಿಸಲಿಲ್ಲ. ಆಚೆ ನಿಂತಿದ್ದ ಮೆಕ್ಯಾನಿಕ್ ತನಗೇ ಗೊತ್ತಿಲ್ಲದೆ ತನ್ನ ಮಣಿಕಟ್ಟನ್ನೂ ಒಮ್ಮೆ ತಿರುಗಿಸಿಕೊಂಡ.

ಆಮೇಲೆ ಅವಳು ಪಟ್ಟಿ ಬಿಗಿದುಕೊಂಡು, ಏನನ್ನೋ ಟೈಪ್ ಮಾಡಿದಳು. ಯಾರೂ ಮಾತಾಡಿರಲಿಲ್ಲ. ನ್ಯಾಯಾಧೀಶರ ಹುಬ್ಬು ಮೇಲೇರಿತು.

"ಏನದು ಬರೀತಿರೋದು?"

"ಬೆರಳಚ್ಚುಗಾರ್ತಿಯ ಕೈನೋವಿನಿಂದಾಗಿ ಕಲಾಪ ಸ್ವಲ್ಪ ಹೊತ್ತು ನಿಂತಿತು ಅಂತ ಸಾರ್."

"ಅದೆಲ್ಲ ದಾಖಲೆಯಲ್ಲಿ ಬೇಡ, ತೆಗೀರಿ."

"ಒಂದಕ್ಷರ ಬಿಡಕೂಡದು ಅಂದಿದ್ರಿ ಸಾರ್. ನಾನೂ ಇಲ್ಲೇ ಆಡಿದ ಮಾತದು."

ನ್ಯಾಯಾಧೀಶರು ಕನ್ನಡಕ ಇಳಿಸಿಕೊಂಡು ವಾಚ್‌ಮನ್ ಕಡೆ ತಿರುಗಿ "ಮುಂದೆ ಹೇಳಪ್ಪಾ" ಎಂದರು. ವಾಚ್‌ಮನ್ ಹೇಳಿದ. ಸಾಮಾನು ತರುತ್ತೇನೆ ಎಂದದ್ದು, ಯಾರನ್ನೂ ಹತ್ತಿಸಬೇಡಪ್ಪಾ ಎಂದದ್ದು, ತಾನು ಹೂಂ ಎಂದದ್ದು, ಕಟ್ಟದೆ ಹೋದ ಹಗ್ಗ, ಟ್ಯಾಂಕರು, ಎಲ್ಲವೂ ಬಾಲದ ಸಮೇತ ಪರದೆಯ ಮೇಲೆ ಬಂತು. ಓದಿ ಹೇಳುವಾಗ ಮಿಂಚಕ್ಕ ತನ್ನ ಸಾಲನ್ನೂ ಅದೇ ದನಿಯಲ್ಲಿ ಓದಿದಳು. "ಈಗ ಸರಿಯಾಯ್ತಕ್ಕಾ," ಎಂದು ವಾಚ್‌ಮನ್ ಸಹಿ ಹಾಕಿದ. ಮೆಕ್ಯಾನಿಕ್ ಮುಖ ಮುಚ್ಚಿಕೊಂಡು ಬಿಕ್ಕಿದ.

ಕೋರ್ಟು ಎದ್ದ ಮೇಲೆ ಹೆಡ್ ಕ್ಲರ್ಕು ವರ್ಗಾವಣೆಯ ಕಾಗದವನ್ನು ಮುಂದೆ ಹಿಡಿದರು. ನ್ಯಾಯಾಧೀಶರು ಪೆನ್ನು ತೆಗೆದವರು ತಡೆದರು. "ಈಕೆ ನಿಲ್ಲಿಸಿದ್ರು, ನನಗೆ ಗೊತ್ತಾಯ್ತು. ನಿಲ್ಲಿಸದವರನ್ನ ಕೂರಿಸ್ತೀರಿ, ಅವರು ಏನು ಬಿಟ್ಟರು ಅಂತ ನನಗೆ ಹೇಗ್ರೀ ಗೊತ್ತಾಗ್ಬೇಕು?" ಪೆನ್ನು ಜೇಬಿಗೆ ಹೋಯಿತು. ಹೇಳದೆ ಕತ್ತರಿಸಿದ ತಪ್ಪಿಗೆ ಮಿಂಚಕ್ಕನಿಗೆ ಲಿಖಿತ ಎಚ್ಚರಿಕೆ ಬಂತು, ಆ ವರ್ಷದ ಬಡ್ತಿ ತಪ್ಪಿತು. ಅವಳು ಎರಡಕ್ಕೂ ಎಡಗೈಯಲ್ಲೇ ಸಹಿ ಹಾಕಿದಳು.

ಮರುದಿನ ಹೆಡ್ ಕ್ಲರ್ಕು ಎಂದಿನ ಹಾಗೆ ಬೆರಳಚ್ಚು ಕೋಣೆಯ ಬಾಗಿಲಲ್ಲಿ ನಿಂತು ಮೂಗರಳಿಸಿದರು.

"ಯಾರಿಗ್ರೀ ಶೀತ?"

ಮಿಂಚಕ್ಕ ಸೀನಲಿಲ್ಲ. ಯಾರೂ ಸೀನಲಿಲ್ಲ. ಮೂಲೆಯಲ್ಲಿ ಚೀಲವೊಂದು ತೆರೆದ ಸದ್ದಾಯಿತು, ಆಮೇಲೆ ಪಟ್ಟಿ ಪರ್ರೆಂದ ಸದ್ದು.

"ಶೀತ ಯಾರಿಗೂ ಇಲ್ಲ ಸಾರ್," ಅಂದಳು ಕನ್ನಡಕ, ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿಯುತ್ತ. "ಕೈ ನೋವು."